ನಿಮಗಿದು ಗೊತ್ತೆ? ಮನೆ ಎಣಿಸಿ ನಡೆಸುವ ಯುದ್ಧ

ಪುಟ್ಟ ಸೈನಿಕ ಗೊಂಬೆಗಳನ್ನಿಟ್ಟು ಮೇಜಿನ ಮೇಲೆ ಯುದ್ಧವಾಡುವ ಹವ್ಯಾಸಿಗಳಲ್ಲಿ ಹಲವರು ಮೇಜಿಗೆ ಚೌಕದ ಗೆರೆ ಎಳೆದುಕೊಳ್ಳುತ್ತಾರೆ. ಆಗ ಟೇಪು ಹಿಡಿದು ಅಳೆಯುವ ಗೊಡವೆಯಿಲ್ಲ. ಕಾಲಾಳಿಗೆ ಒಂದು ಮನೆ, ಕುದುರೆಗೆ ಎರಡು ಎಂದು ಎಣಿಸಿದರಾಯಿತು, ಜಗಳಕ್ಕೆ ಆಸ್ಪದವಿಲ್ಲ.

ಈ ಚೌಕದ ಯುದ್ಧ ಹೊಸದೇನಲ್ಲ. 1780ರಲ್ಲೇ ಜರ್ಮನಿಯ ಬ್ರನ್ಸ್‌ವಿಕ್‌ನ ಹೆಲ್ವಿಗ್ ಎಂಬಾತ ಚದುರಂಗದ ಮಣೆಯನ್ನು 1,617 ಮನೆಗಳಿಗೆ ಹಿಗ್ಗಿಸಿ ಬೆಟ್ಟ, ಕಾಡು, ಜವುಗು, ನೀರಿಗೆ ಬೇರೆ ಬೇರೆ ಬಣ್ಣ ಕೊಟ್ಟ. ಆದರೆ ಚೌಕಕ್ಕೆ ಒಂದು ತೊಡಕಿದೆ: ಮೂಲೆಯಿಂದ ಮೂಲೆಗೆ ಹೋದರೆ ದೂರ ಸುಮಾರು 1.4 ಪಟ್ಟು, ಎಣಿಕೆಯಲ್ಲಿ ಮಾತ್ರ ಒಂದೇ ಮನೆ. ಷಟ್ಕೋನದ ಮನೆಗಳಲ್ಲಿ ಆರೂ ದಿಕ್ಕಿಗೆ ದೂರ ಸಮ.

ನಮ್ಮಲ್ಲೂ ಗೆರೆಯ ಕದನ ಹಳೆಯದು. ಹಂಪಿಯ ಕಲ್ಲುಹಾಸುಗಳಲ್ಲಿ ಹುಲಿ-ಕುರಿ ಆಟದ ಗೆರೆಗಳು ಇಂದಿಗೂ ಕಾಣುತ್ತವೆ. ಈ ಆಟಕ್ಕೆ 3 ಹುಲಿ, 15 ಕುರಿ, 23 ಬಿಂದು. ಅಸಮಬಲದ ಎರಡು ಪಡೆಗಳನ್ನು ಇಷ್ಟು ಚೊಕ್ಕವಾಗಿ ಕಾದಾಡಿಸುವ ಆಟ ಅಪರೂಪ.

ನಮ್ಮ ಸುರಪುರ ಸೀಮೆಯಲ್ಲೇ ಇಂಥ ಮೇಜಿಗೆ ಒಪ್ಪುವ ಕದನವೊಂದಿದೆ. 1705ರಲ್ಲಿ ಮುಪ್ಪಿನ ಔರಂಗಜೇಬ್ ಸ್ವತಃ ಬಂದು ಸುರಪುರದ ನಾಯಕರ ವಾಗಣಗೇರಾ ಕೋಟೆಯನ್ನು ಮುತ್ತಿದ. ಅದು ಅವನ ಕೊನೆಯ ಮುತ್ತಿಗೆ. ಮರಾಠಾ ಪಡೆ ನಾಯಕರ ನೆರವಿಗೆ ಬಂತು. ಗುಡ್ಡದ ಮನೆಗೆ ಎರಡು ನಡೆ, ಬಯಲಿಗೆ ಒಂದು ಎಂದಿಟ್ಟರೆ, ಗುಡ್ಡದ ಮೇಲಿನ ಸಣ್ಣ ಪಡೆ ದೊಡ್ಡ ಸೈನ್ಯವನ್ನು ತಿಂಗಳುಗಟ್ಟಲೆ ಹೇಗೆ ತಡೆಯಿತೆಂದು ಮಕ್ಕಳಿಗೂ ತಿಳಿಯುತ್ತದೆ.