ಕದ್ದು ಮಾರಿದವರು ಯಾರೋ, ಹೆಸರು ಕೆಟ್ಟದ್ದು ಕೋಡಿಯದು

ಕೋಡಿ ಎಂಬುದು ವಿಡಿಯೊ, ಹಾಡು, ಫೋಟೊಗಳನ್ನು ಟಿವಿ ಪರದೆಯ ಮೇಲೆ ತೆರೆದು ತೋರಿಸುವ ಉಚಿತ ಮೀಡಿಯಾ ಪ್ಲೇಯರ್ ತಂತ್ರಾಂಶ. ಕಂಪ್ಯೂಟರ್, ಮೊಬೈಲ್, ಆಂಡ್ರಾಯ್ಡ್ ಟಿವಿ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಎಲ್ಲದರಲ್ಲೂ ಅದು ನಡೆಯುತ್ತದೆ. ಅದರೊಳಗೆ ಒಂದೇ ಒಂದು ಸಿನಿಮಾ ಇಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡಿ ತೆರೆದವರಿಗೆ ಮೊದಲು ಕಾಣುವುದೇ ಲೈಬ್ರರಿ ಖಾಲಿಯಿದೆ ಎಂಬ ಸೂಚನೆ. ಹೀಗಿದ್ದೂ ಕಳೆದ ಒಂದು ದಶಕದಲ್ಲಿ ಬ್ರಿಟನ್, ಕೆನಡಾ, ಅಮೆರಿಕದ ಸುದ್ದಿಗಳಲ್ಲಿ ‘ಕೋಡಿ ಬಾಕ್ಸ್’ ಎಂದರೆ ಕದ್ದ ಸಿನಿಮಾ, ಕದ್ದ ಫುಟ್‌ಬಾಲ್ ಪಂದ್ಯ ತೋರಿಸುವ ಪೆಟ್ಟಿಗೆ ಎಂದೇ ಅರ್ಥವಾಗಿಹೋಯಿತು. ಈ ಕೆಟ್ಟ ಹೆಸರು ಅದಕ್ಕೆ ಸಲ್ಲತಕ್ಕದ್ದಲ್ಲ.

ಈ ತಂತ್ರಾಂಶದ ಹುಟ್ಟು 2002ರದು. ಮೈಕ್ರೊಸಾಫ್ಟ್‌ನ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರದಲ್ಲಿ ಸಿನಿಮಾ, ಹಾಡುಗಳನ್ನೂ ನುಡಿಸಬೇಕೆಂದು ಕೆಲವು ಹವ್ಯಾಸಿಗಳು ‘ಎಕ್ಸ್‌ಬಾಕ್ಸ್ ಮೀಡಿಯಾ ಪ್ಲೇಯರ್’ ರೂಪಿಸಿದರು. 2004ರಲ್ಲಿ ಅದರ ಮುಂದಿನ ರೂಪ ‘ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್’, ಅಂದರೆ ಎಕ್ಸ್‌ಬಿಎಂಸಿ, ಹೊರಬಂತು. ಆ ಯಂತ್ರಕ್ಕೆ ಪ್ರೋಗ್ರಾಂ ಸಿದ್ಧಪಡಿಸಲು ಬೇಕಾದ ಸಲಕರಣೆ ಮೈಕ್ರೊಸಾಫ್ಟ್‌ನ ಸ್ವತ್ತು. ಅದನ್ನು ಬಳಸಿ ತಯಾರಾದ ಸಿದ್ಧ ಪ್ರತಿಯನ್ನು ಹಂಚುವ ಹಕ್ಕು ಹೊರಗಿನವರಿಗೆ ಇರಲಿಲ್ಲ. ಆದ್ದರಿಂದ ತಂಡ ಸೋರ್ಸ್ ಕೋಡ್ ಅನ್ನು ಮಾತ್ರ ಪ್ರಕಟಿಸುತ್ತಿತ್ತು, ಸಿದ್ಧ ಪ್ರತಿಯನ್ನು ತಾನು ಕೊಡುತ್ತಿರಲಿಲ್ಲ. ಮುಂದೆ ಕಳ್ಳರ ಸಾಲಿಗೆ ಸೇರಿಸಲ್ಪಟ್ಟವರು ಮೊದಲ ದಿನಗಳಲ್ಲೇ ಕಾನೂನಿನ ಗೆರೆಯನ್ನು ಇಷ್ಟು ಎಚ್ಚರದಿಂದ ನೋಡಿಕೊಂಡು ನಡೆದಿದ್ದರು ಎಂಬುದನ್ನು ಮರೆಯಬಾರದು. ಕೆಲವೇ ವರ್ಷಗಳಲ್ಲಿ ತಂತ್ರಾಂಶ ಲಿನಕ್ಸ್, ಮ್ಯಾಕ್, ವಿಂಡೋಸ್‌ಗಳಿಗೆ ಹರಡಿ, ಎಕ್ಸ್‌ಬಾಕ್ಸ್‌ನ ನಂಟು ಕಳಚಿತು. 2014ರಲ್ಲಿ 14ನೇ ಆವೃತ್ತಿಯೊಂದಿಗೆ ‘ಕೋಡಿ’ ಎಂಬ ಹೆಸರು ಬಂತು. ಲಾಭದ ಉದ್ದೇಶವಿಲ್ಲದ ಎಕ್ಸ್‌ಬಿಎಂಸಿ ಫೌಂಡೇಶನ್ ಇದರ ಬೆನ್ನಿಗಿದೆ. ಬರೆಯುವವರು, ಪರೀಕ್ಷಿಸುವವರು, ಅನುವಾದಿಸುವವರು ಬಹುತೇಕ ಸ್ವಯಂಸೇವಕರು.

ಪ್ಲೇಯರ್‌ನ ಕೆಲಸ ಏನೆಂಬುದು ತಿಳಿದರೆ ಆರೋಪದ ಟೊಳ್ಳು ತಾನಾಗಿ ಗೊತ್ತಾಗುತ್ತದೆ. ಒಂದು ಎಂಕೆವಿ ಅಥವಾ ಎಂಪಿ4 ಫೈಲಿನಲ್ಲಿ ಚಿತ್ರ, ಧ್ವನಿ, ಸಬ್‌ಟೈಟಲ್‌ಗಳು ಒಟ್ಟಿಗೆ ಕಟ್ಟಿರುತ್ತವೆ. ಪ್ಲೇಯರ್ ಮೊದಲು ಆ ಕಟ್ಟು ಬಿಚ್ಚುತ್ತದೆ. ಕುಗ್ಗಿಸಿಟ್ಟ ಚಿತ್ರವನ್ನೂ ಧ್ವನಿಯನ್ನೂ ಕೋಡೆಕ್‌ಗಳ ನೆರವಿನಿಂದ ಹಿಗ್ಗಿಸಿ, ಮಾತಿಗೂ ತುಟಿಗೂ ಹೊಂದಿಕೆಯಾಗುವಂತೆ ಪರದೆಗೆ ಕಳಿಸುತ್ತದೆ. ಫೈಲು ಮದುವೆಯ ವಿಡಿಯೊವೋ, ಖರೀದಿಸಿದ ಹಾಡೋ, ಕದ್ದ ಸಿನಿಮಾವೋ ಎಂದು ಅದಕ್ಕೆ ತಿಳಿಯುವ ದಾರಿಯಿಲ್ಲ. ಓದುಗನ ಕೈಯಲ್ಲಿರುವ ಪುಸ್ತಕ ಕೊಂಡದ್ದೋ ಕದ್ದದ್ದೋ ಎಂದು ಕನ್ನಡಕ ಹೇಳಲಾರದು, ಹಾಗೆಯೇ ಇದೂ.

ಹಳೆಯ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿದ್ದ ಮನೆಯ ಮದುವೆಯನ್ನು ಡಿಜಿಟಲ್ ಮಾಡಿಸಿ ಹಾರ್ಡ್ ಡಿಸ್ಕಿನಲ್ಲಿಟ್ಟರೆ, ಕೋಡಿ ಅದನ್ನು ವೈ-ಫೈ ಮೂಲಕ ಹಜಾರದ ಟಿವಿಗೆ ತರುತ್ತದೆ. ಸಿನಿಮಾ ಫೈಲಿನ ಹೆಸರಲ್ಲಿ ಶೀರ್ಷಿಕೆಯೂ ವರ್ಷವೂ ಇದ್ದರೆ ಪೋಸ್ಟರ್, ನಿರ್ದೇಶಕರ ಹೆಸರು, ಕಥಾಸಾರವನ್ನು ಅಂತರ್ಜಾಲದ ಮಾಹಿತಿಕೋಶದಿಂದ ಹುಡುಕಿ ಜೋಡಿಸುತ್ತದೆ. ಕಂಪ್ಯೂಟರಿಗೆ ಟ್ಯೂನರ್ ಕಾರ್ಡ್ ಹಾಕಿ ‘ಟಿವಿಹೆಡೆಂಡ್’ ಎಂಬ ಇನ್ನೊಂದು ಉಚಿತ ತಂತ್ರಾಂಶ ಜೊತೆಗಿಟ್ಟರೆ, ಡಿಶ್ ಆಂಟೆನಾದಿಂದ ಬರುವ ಉಚಿತ ವಾಹಿನಿಗಳನ್ನೂ ನೋಡಬಹುದು, ರೆಕಾರ್ಡ್ ಮಾಡಿಕೊಳ್ಳಬಹುದು. ಇವೆಲ್ಲ ಯಾರ ಹಕ್ಕನ್ನೂ ಮುಟ್ಟದ ಕೆಲಸಗಳು.

ತೊಂದರೆ ಹೊಕ್ಕಿದ್ದು ಆಡ್-ಆನ್‌ಗಳ ಬಾಗಿಲಿನಿಂದ. ಹೊರಗಿನವರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿಕ್ಕ ಪ್ರೋಗ್ರಾಂ ಬರೆದು ಕೋಡಿಗೆ ಹೊಸ ಸೌಲಭ್ಯ ಸೇರಿಸಬಹುದು. ತಂಡದ ಅಧಿಕೃತ ಭಂಡಾರದಲ್ಲಿ ಪೈರಸಿಯ ಆಡ್-ಆನ್‌ಗಳಿಗೆ ಜಾಗವಿಲ್ಲ. ಆದರೆ ಮುಕ್ತ ತಂತ್ರಾಂಶವಾದ್ದರಿಂದ ಬೇರೆಯವರ ಭಂಡಾರವನ್ನೂ ಜೋಡಿಸಿಕೊಳ್ಳಲು ಬರುತ್ತದೆ. ಕೆಲವರು ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳನ್ನು ಸಗಟಾಗಿ ಕೊಂಡು, ಕೋಡಿ ಹಾಕಿ, ಮೇಲೆ ಕಳ್ಳ ಆಡ್-ಆನ್‌ಗಳನ್ನು ತುಂಬಿ, ‘ಇನ್ನು ಚಂದಾ ಕಟ್ಟಬೇಕಿಲ್ಲ’ ಎಂದು ಮಾರತೊಡಗಿದರು. ಹಣ ಅವರ ಜೇಬಿಗೆ ಹೋಯಿತು. ಎಲ್ಲೋ ಇದ್ದ ಸರ್ವರ್ ಮುಚ್ಚಿ ಚಿತ್ರ ನಿಂತಾಗ, ಬಿಡಿಗಾಸೂ ಪಡೆಯದ ಸ್ವಯಂಸೇವಕರ ಬಳಿಗೆ ದೂರುಗಳು ಬಂದವು. ‘ಕೋಡಿ ಕೆಟ್ಟಿದೆ’ ಎಂದು ಸಿಟ್ಟಾದವನಿಗೆ, ತಾನು ಕೊಂಡದ್ದು ಕೋಡಿ ತಂಡದ ಸರಕೇ ಅಲ್ಲ ಎಂಬುದು ಗೊತ್ತಿರಲಿಲ್ಲ. ಇಡೀ ಪ್ರಕರಣದಲ್ಲಿ ಅತ್ಯಂತ ಅನ್ಯಾಯದ ಭಾಗ ಇದೇ.

ನ್ಯಾಯಾಲಯಗಳು ಈ ವ್ಯತ್ಯಾಸವನ್ನು ಗುರುತಿಸಿವೆ. ನೆದರ್ಲೆಂಡ್ಸ್‌ನ ‘ಫಿಲ್ಮ್‌ಸ್ಪೇಲರ್’ ಎಂಬ ಪೆಟ್ಟಿಗೆಯ ಪ್ರಕರಣದಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2017ರ ಏಪ್ರಿಲ್ 26ರಂದು ತೀರ್ಪು ಕೊಟ್ಟಿತು. ಅಲ್ಲಿ ದೋಷಕ್ಕೆ ಗುರಿಯಾದದ್ದು ಮುಕ್ತ ಪ್ಲೇಯರ್ ಅಲ್ಲ. ಅಕ್ರಮ ತಾಣಗಳ ಕೊಂಡಿಯಿರುವ ಆಡ್-ಆನ್‌ಗಳನ್ನು ತಿಳಿದೂ ತಿಳಿದೂ ಮೊದಲೇ ತುಂಬಿ, ಅದನ್ನೇ ಜಾಹೀರಾತು ಮಾಡಿ ಮಾರಿದ ವ್ಯಾಪಾರ. ಅಕ್ರಮ ಮೂಲದಿಂದ ಸ್ಟ್ರೀಮ್ ಮಾಡಿ ನೋಡುವುದಕ್ಕೂ ವಿನಾಯಿತಿ ಇಲ್ಲವೆಂದು ಅದೇ ತೀರ್ಪು ಹೇಳಿತು. ಅದೇ ವರ್ಷ ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್, ಅಮೆಜಾನ್ ಮತ್ತು ಹಾಲಿವುಡ್ ಸ್ಟುಡಿಯೊಗಳು ಮೊಕದ್ದಮೆ ಹೂಡಿದ್ದೂ ‘ಟಿಕ್‌ಬಾಕ್ಸ್’ ಎಂಬ ಪೆಟ್ಟಿಗೆ ಮಾರುವ ಕಂಪನಿಯ ಮೇಲೆ. 2018ರಲ್ಲಿ ಅದು 2.5 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಈ ವ್ಯತ್ಯಾಸದ ಬೇರು ಇನ್ನೂ ಹಿಂದಿನದು. ಸೋನಿಯ ಬೀಟಾಮ್ಯಾಕ್ಸ್ ವಿಡಿಯೊ ರೆಕಾರ್ಡರ್ ಕುರಿತು 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಗಣನೀಯವಾದ ಸಕ್ರಮ ಬಳಕೆ ಇರುವ ಉಪಕರಣವನ್ನು ಮಾರಿದ ಮಾತ್ರಕ್ಕೆ ತಯಾರಕ ಹೊಣೆಗಾರನಾಗುವುದಿಲ್ಲ ಎಂದಿತ್ತು. 5–4ರ ಬಹುಮತದಲ್ಲಿ ಬಂದ ತೀರ್ಪು ಅದು.

ದೊಡ್ಡ ಕಂಪನಿಗಳು ಇಷ್ಟು ಸೂಕ್ಷ್ಮವಾಗಿ ನಡೆದುಕೊಳ್ಳಲಿಲ್ಲ. 2015ರಲ್ಲಿ ಅಮೆಜಾನ್ ತನ್ನ ಆ್ಯಪ್ ಸ್ಟೋರ್‌ನಿಂದ ಕೋಡಿಯನ್ನು ತೆಗೆದುಹಾಕಿತು. 2018ರಲ್ಲಿ ಗೂಗಲ್, ಹುಡುಕಾಟದ ಪೆಟ್ಟಿಗೆಯಲ್ಲಿ ತಾನಾಗಿ ಮೂಡುವ ಸಲಹೆಗಳಿಂದ ‘ಕೋಡಿ’ ಪದವನ್ನು ಕೈಬಿಟ್ಟಿತು. ಅದೇ ಗೂಗಲ್‌ನ ಪ್ಲೇ ಸ್ಟೋರ್‌ನಲ್ಲಿ ಕೋಡಿ ಎಂದಿನಂತೆ ಸಿಗುತ್ತಿತ್ತು. ಇತ್ತ ಮೈಕ್ರೊಸಾಫ್ಟ್ 2017ರ ಡಿಸೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ ಕೋಡಿಯನ್ನು ತನ್ನ ಅಧಿಕೃತ ಮಳಿಗೆಯ ಮೂಲಕವೇ ಬರಮಾಡಿಕೊಂಡಿತು. ಒಂದೇ ತಂತ್ರಾಂಶ ಒಂದು ಮಳಿಗೆಯಲ್ಲಿ ಅಸ್ಪೃಶ್ಯ, ಇನ್ನೊಂದರಲ್ಲಿ ಅತಿಥಿ. ಈ ಗೊಂದಲಕ್ಕೆ ಸಮರ್ಥನೆ ಸಿಗುವುದು ಕಷ್ಟ.

ತಂಡ ಸುಮ್ಮನೆ ಕೂತಿರಲಿಲ್ಲ. ಪೈರಸಿ ಪೆಟ್ಟಿಗೆ ಮಾರುವವರು ‘ಕೋಡಿ’ ಹೆಸರು ಬಳಸದಂತೆ ಟ್ರೇಡ್‌ಮಾರ್ಕ್ ಹಕ್ಕು ಹಿಡಿದು ಹೋರಾಡಿತು. ಕಳ್ಳ ಆಡ್-ಆನ್‌ಗಳ ವಿಷಯದಲ್ಲಿ ಸಹಾಯ ಕೊಡುವುದಿಲ್ಲವೆಂದು ಸ್ಪಷ್ಟವಾಗಿ ಸಾರಿತು. 2017ರ 17ನೇ ಆವೃತ್ತಿಯಿಂದ, ಹೊರಗಿನ ಮೂಲದ ಆಡ್-ಆನ್ ಹಾಕಬೇಕಾದರೆ ಸೆಟ್ಟಿಂಗ್‌ನಲ್ಲಿ ಬಳಕೆದಾರನೇ ಅನುಮತಿ ತೆರೆಯಬೇಕು, ಜೊತೆಗೆ ಎಚ್ಚರಿಕೆಯೂ ಕಾಣುತ್ತದೆ. ಆ ಎಚ್ಚರಿಕೆಗೆ ಕಾರಣವಿದೆ. 2018ರಲ್ಲಿ ಇಸೆಟ್ ಎಂಬ ಭದ್ರತಾ ಸಂಸ್ಥೆ, ಇಂಥ ಹೊರಗಿನ ಭಂಡಾರಗಳ ಮೂಲಕ ಬಳಕೆದಾರರ ಕಂಪ್ಯೂಟರ್‌ಗಳಿಗೆ ಗುಟ್ಟಾಗಿ ಕ್ರಿಪ್ಟೊ ಗಣಿಗಾರಿಕೆಯ ಕುತಂತ್ರಾಂಶ ನುಸುಳಿದ್ದನ್ನು ಪತ್ತೆ ಮಾಡಿತು.

ಇನ್ನೂ ಬಿಗಿ ಮಾಡಬಹುದಿತ್ತಲ್ಲ, ಹೊರಗಿನ ಆಡ್-ಆನ್‌ಗಳನ್ನೇ ನಿಷೇಧಿಸಬಹುದಿತ್ತಲ್ಲ ಎಂಬ ಪ್ರಶ್ನೆ ಬರುತ್ತದೆ. ಜಿಪಿಎಲ್ ಎಂಬ ಮುಕ್ತ ಪರವಾನಗಿಯ ತಂತ್ರಾಂಶದಲ್ಲಿ ಅದು ನಿಲ್ಲುವ ಬೇಲಿಯಲ್ಲ. ಕೋಡ್ ಎಲ್ಲರ ಕೈಯಲ್ಲಿದೆ, ಬೇಲಿ ಕಿತ್ತು ಬೇರೆ ಹೆಸರಲ್ಲಿ ಹೊರತರಲು ಯಾರಿಗೂ ತಡೆಯಿಲ್ಲ. ನಷ್ಟವಾಗುವುದು ತಮಗೆ ಬೇಕಾದ ಸೌಲಭ್ಯವನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳುವವರಿಗೆ ಮಾತ್ರ.

ಕೋಡಿ ಬೇಕಾದವರು ಅದನ್ನು ತಂಡದ ಅಧಿಕೃತ ತಾಣದಿಂದ ಅಥವಾ ಪ್ಲೇ ಸ್ಟೋರ್‌ನಿಂದ ತಾವೇ ಇಳಿಸಿಕೊಳ್ಳಲಿ, ಹಣ ಕೊಡಬೇಕಾಗಿಲ್ಲ. ‘ಎಲ್ಲ ಸಿನಿಮಾ, ಎಲ್ಲ ಚಾನೆಲ್ ಉಚಿತ’ ಎಂದು ಯಾರಾದರೂ ಪೆಟ್ಟಿಗೆ ಮಾರಲು ಬಂದರೆ ಕೊಳ್ಳುವುದು ಬೇಡ, ಅದನ್ನು ‘ಕೋಡಿ ಬಾಕ್ಸ್’ ಎಂದು ಕರೆಯುವುದೂ ಬೇಡ.