ಲೆಕ್ಕ ಒಪ್ಪಿಸುವ ವೃತ್ತಿ, ಲೆಕ್ಕ ಒಪ್ಪಿಸುವ ಬದುಕು

ಬಿ.ಕಾಂ., ಬಿಬಿಎ ಅಥವಾ ಎಂಬಿಎ ಓದುವ ಕ್ರೈಸ್ತ ವಿದ್ಯಾರ್ಥಿಯ ಮುಂದೆ ಎರಡು ಪ್ರಶ್ನೆಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಯಾವ ಕೆಲಸ ಹಿಡಿದರೆ ಸಂಸಾರ ನಡೆದೀತು ಎಂಬುದು ಒಂದು. ದಿನವಿಡೀ ದುಡ್ಡಿನ ನಡುವೆಯೇ ಕಳೆಯುವ ಕೆಲಸದಲ್ಲಿ ವಿಶ್ವಾಸವನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಇನ್ನೊಂದು. ಮೊದಲನೆಯದನ್ನು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೂ ಎರಡನೆಯದನ್ನು ಭಾನುವಾರದ ಪ್ರಸಂಗಕ್ಕೂ ಬಿಟ್ಟುಬಿಡುವುದು ರೂಢಿಯಾಗಿದೆ. ಆದರೆ ಬೈಬಲ್ ಇವನ್ನು ಬೇರೆ ಬೇರೆಯಾಗಿ ನೋಡುವುದಿಲ್ಲ. ಯೇಸು ಹೇಳಿದ ಸಾಮ್ಯಗಳಲ್ಲಿ ವ್ಯಾಪಾರ, ಕೂಲಿ, ಸಾಲ, ಬಡ್ಡಿ, ದ್ರಾಕ್ಷಿತೋಟದ ಗುತ್ತಿಗೆ ಮತ್ತೆ ಮತ್ತೆ ಬರುತ್ತವೆ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ತಲಾಂತುಗಳ ಸಾಮ್ಯದಲ್ಲಿ ಧಣಿ ದೇಶಾಂತರ ಹೋಗುವ ಮುನ್ನ ಆಳುಗಳ ಕೈಗೆ ಹಣ ಒಪ್ಪಿಸುತ್ತಾನೆ. ಬಹುಕಾಲದ ಮೇಲೆ ಮರಳಿ ಬಂದು ಲೆಕ್ಕ ಕೇಳುತ್ತಾನೆ. ಹಣ ಧಣಿಯದು, ಅದನ್ನು ದುಡಿಸುವ ಹೊಣೆ ಆಳಿನದು. ವಾಣಿಜ್ಯ ಓದುವ ಕ್ರೈಸ್ತ ವಿದ್ಯಾರ್ಥಿಯ ವೃತ್ತಿಗೂ ಬದುಕಿಗೂ ಇದೇ ಬುನಾದಿ.

ಹಿಂದಿನವರು ಹಾಕಿಕೊಟ್ಟ ದಾರಿ

ವಿಶ್ವಾಸವೂ ವ್ಯಾಪಾರವೂ ಜೊತೆಯಾಗಿ ನಡೆದ ಉದಾಹರಣೆಗಳಿಗೆ ಕರ್ನಾಟಕದ ವಿದ್ಯಾರ್ಥಿ ದೂರ ಹೋಗಬೇಕಿಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದ ಅನೇಕ ಕುಟುಂಬಗಳು ಹಳೆಯ ಕಸುಬನ್ನೂ ಜಾತಿಯ ಆಸರೆಯನ್ನೂ ಕಳೆದುಕೊಂಡವು. ಶೇಂದಿ ಇಳಿಸುವುದನ್ನು ಬಿಡಬೇಕಾಗಿ ಬಂದ ಬಿಲ್ಲವ ಕುಟುಂಬಗಳು ಅವುಗಳಲ್ಲಿ ಪ್ರಮುಖವಾದವು. ಇಂಥವರಿಗೆ ಅನ್ನದ ದಾರಿ ಮಾಡಿಕೊಡಬೇಕೆಂದೇ ಮುದ್ರಣಾಲಯ, ನೇಯ್ಗೆ ಶಾಲೆ, ಹೆಂಚಿನ ಕಾರ್ಖಾನೆಗಳು ಹುಟ್ಟಿದವು. ನೇಯ್ಗೆಯ ಉಸ್ತುವಾರಿ ಹೊತ್ತಿದ್ದ ಜಾನ್ ಹಾಲರ್ ಖಾಕಿ ಬಣ್ಣವನ್ನು ಬಳಕೆಗೆ ತಂದರೆಂದು ಹೇಳಲಾಗುತ್ತದೆ. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಮಂಗಳೂರು ಹೆಂಚು ದೇಶವಿದೇಶಗಳ ಮಾಡು ಏರಿತು. ಇಲ್ಲಿ ಉದ್ಯಮ ಹುಟ್ಟಿದ್ದು ಮನುಷ್ಯರ ಅಗತ್ಯದಿಂದ. ಲಾಭ ಬಂತು, ಆದರೆ ಮೊದಲ ಗುರಿ ಅದಾಗಿರಲಿಲ್ಲ. ಮಂಗಳೂರಿನ ಕೆಥೋಲಿಕರು 1912ರಲ್ಲಿ ಸ್ಥಾಪಿಸಿದ ಸಹಕಾರಿ ಬ್ಯಾಂಕ್, ಎಂ.ಸಿ.ಸಿ. ಬ್ಯಾಂಕ್ ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ.

ಇಂಗ್ಲೆಂಡಿನ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರ ಕಥೆಯೂ ಇದರ ಜೊತೆಗೆ ಓದತಕ್ಕದ್ದು. ಧಾರ್ಮಿಕ ನಿರ್ಬಂಧಗಳಿಂದಾಗಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಬಾಗಿಲು ಬಹುಕಾಲ ಅವರಿಗೆ ಮುಚ್ಚಿತ್ತು. ಅವರಲ್ಲಿ ಅನೇಕರು ವ್ಯಾಪಾರಕ್ಕೆ ಇಳಿದರು. ಚೌಕಾಸಿಯಿಲ್ಲದೆ ಎಲ್ಲ ಗಿರಾಕಿಗೂ ಒಂದೇ ಬೆಲೆ ಹೇಳುವ ಅವರ ರೀತಿ ಜನರ ನಂಬಿಕೆ ಗಳಿಸಿತು. ಸಾಲ ತೀರಿಸಲಾಗದೆ ದಿವಾಳಿಯೆದ್ದವರನ್ನು ಅವರ ಸಭೆ ಹೊರಗಿಡುವಷ್ಟು ಶಿಸ್ತು ಅಲ್ಲಿತ್ತು. 1824ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಗಡಿ ತೆರೆದ ಜಾನ್ ಕ್ಯಾಡ್ಬರಿ ಇದೇ ಪರಂಪರೆಯವರು. ಅವರ ಮಕ್ಕಳು 1879ರಲ್ಲಿ ಕಾರ್ಖಾನೆಯನ್ನು ಊರ ಹೊರಗಿನ ಬೋರ್ನ್‌ವಿಲ್‌ಗೆ ಒಯ್ದರು. ಅಲ್ಲಿ ಮುಂದೆ ತೋಟ, ಆಟದ ಮೈದಾನಗಳಿರುವ ಊರೇ ಬೆಳೆಯಿತು.

ಕೆಥೋಲಿಕ್ ಪರಂಪರೆಯಲ್ಲಿ ಪೋಪ್ 13ನೇ ಲಿಯೋ 1891ರಲ್ಲಿ ಹೊರಡಿಸಿದ ‘ರೇರುಮ್ ನೊವಾರುಮ್’ ವಿಶ್ವಪತ್ರ ನ್ಯಾಯವಾದ ಕೂಲಿ ಮತ್ತು ಕಾರ್ಮಿಕರು ಸಂಘಟಿತರಾಗುವ ಹಕ್ಕನ್ನು ಎತ್ತಿಹಿಡಿಯಿತು. ಖಾಸಗಿ ಆಸ್ತಿಯನ್ನು ಒಪ್ಪುತ್ತಲೇ ಆಸ್ತಿವಂತರ ಕರ್ತವ್ಯವನ್ನೂ ಅದು ನೆನಪಿಸಿತು. ಪ್ರೊಟೆಸ್ಟೆಂಟರಲ್ಲಿ ಜಾನ್ ವೆಸ್ಲಿ 1760ರಲ್ಲಿ ಪ್ರಕಟಿಸಿದ ಹಣದ ಬಳಕೆಯ ಕುರಿತ ಪ್ರಸಂಗ ಮೂರು ಮಾತು ಹೇಳುತ್ತದೆ: ಯಾರಿಗೂ ಹಾನಿಯಾಗದಂತೆ ಆದಷ್ಟು ಗಳಿಸುವುದು, ಆದಷ್ಟು ಉಳಿಸುವುದು, ಆದಷ್ಟು ಕೊಡುವುದು. ಮೂರನೆಯದು ಬಿಟ್ಟುಹೋದರೆ ಮೊದಲೆರಡು ದುರಾಸೆಯಾಗುತ್ತವೆ ಎಂಬುದು ಆ ಪ್ರಸಂಗದ ತಿರುಳು.

ಕೋರ್ಸಿನ ಆಯ್ಕೆ

ಮಂಗಳೂರಿನ ಸಂತ ಅಲೋಶಿಯಸ್ (1880), ಬೆಂಗಳೂರಿನ ಸಂತ ಜೋಸೆಫರ ವಾಣಿಜ್ಯ ಕಾಲೇಜು (1972), ಕ್ರೈಸ್ಟ್ (1969), ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ (1949) ಮೊದಲಾದ ಕ್ರೈಸ್ತ ಸಂಸ್ಥೆಗಳು ಎಲ್ಲ ಧರ್ಮದವರಿಗೂ ವಾಣಿಜ್ಯ, ನಿರ್ವಹಣೆ ಕಲಿಸುತ್ತ ಬಂದಿವೆ. ಸಂಸ್ಥೆಯ ಹೆಸರು ಬಾಗಿಲು ತೆರೆಸಬಹುದು, ಒಳಗೆ ನಿಲ್ಲಿಸುವುದು ಕೈಗೆ ಹತ್ತಿದ ಕೌಶಲ. ಸಣ್ಣ ಊರಿನ ಅಂಗಡಿ, ಗೋಡಂಬಿ ಕಾರ್ಖಾನೆ, ಕಾಫಿ ಎಸ್ಟೇಟು, ಸಹಕಾರಿ ಸಂಘಗಳಿಗೆಲ್ಲ ಟ್ಯಾಲಿ ಬಲ್ಲವರು, ಜಿಎಸ್‌ಟಿ ರಿಟರ್ನ್ ತಪ್ಪಿಲ್ಲದೆ ಸಲ್ಲಿಸುವವರು, ಬ್ಯಾಂಕಿನ ಪಟ್ಟಿಗೂ ಪುಸ್ತಕಕ್ಕೂ ತಾಳೆ ನೋಡುವವರು ಬೇಕು. ಇದನ್ನು ಓದುತ್ತಿರುವಾಗಲೇ ಕಲಿಯಬಹುದು.

ಲೆಕ್ಕ ಪರಿಶೋಧನೆಯಲ್ಲಿ ಆಸಕ್ತಿ ಇರುವವರಿಗೆ ಸಿಎ ದಾರಿ ಇದೆ. ಪಿಯುಸಿ ನಂತರ ಫೌಂಡೇಶನ್ ಬರೆದು ಒಳಬರಬಹುದು. ವಾಣಿಜ್ಯ ಪದವಿಯಲ್ಲಿ ಶೇ 55 ಅಂಕ ಪಡೆದವರು ನೇರವಾಗಿ ಇಂಟರ್‌ಮೀಡಿಯೇಟ್‌ಗೆ ಸೇರಬಹುದು. 2023ರಲ್ಲಿ ಬಂದ ಹೊಸ ಪದ್ಧತಿಯಂತೆ ಆರ್ಟಿಕಲ್‌ಶಿಪ್ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್ ಪರೀಕ್ಷೆಗಳೂ ಇವೆ. ಮೊದಲ ಯತ್ನದಲ್ಲೇ ಪಾಸಾಗದವರೇ ಇಲ್ಲಿ ಹೆಚ್ಚು. ಫೇಲಾದದ್ದನ್ನು ದೇವರ ಶಿಕ್ಷೆ ಎಂದುಕೊಳ್ಳುವುದು ತಪ್ಪು. ಪ್ರಾರ್ಥಿಸಿದ ಮಾತ್ರಕ್ಕೆ ಪಾಸಾಗಬೇಕೆಂದು ಎಣಿಸುವುದೂ ಅಷ್ಟೇ ತಪ್ಪು.

ದೇವರ ಸೇವೆ ಎಂದರೆ ಪಾದ್ರಿಯಾಗುವುದು, ಕನ್ಯಾಮಠ ಸೇರುವುದು ಮಾತ್ರ ಎಂಬ ಎಣಿಕೆ ಅನೇಕ ಮನೆಗಳಲ್ಲಿದೆ. ವ್ಯಾಪಾರವೂ ದೇವಕರೆಯೇ ಎಂದು ವಿವರಿಸುವ ಒಂದು ಕೈಪಿಡಿಯನ್ನು ವ್ಯಾಟಿಕನ್ 2012ರಲ್ಲೇ ಹೊರತಂದಿದೆ. ಒಳ್ಳೆಯ ಸರಕು, ಒಳ್ಳೆಯ ಕೆಲಸ, ನ್ಯಾಯವಾಗಿ ಹಂಚಿದ ಸಂಪತ್ತು ಎಂಬ ಮೂರನ್ನು ಅದು ಉದ್ಯಮದ ಮುಂದಿಡುತ್ತದೆ. ಒಂದು ನೌಕರಿ ಒಪ್ಪುವ ಮುನ್ನ ಈ ಮೂರನ್ನೂ ಕೇಳಿಕೊಳ್ಳಬಹುದು: ಕಂಪನಿ ಮಾರುವುದು ಏನನ್ನು, ಕೆಲಸದವರನ್ನು ನಡೆಸಿಕೊಳ್ಳುವುದು ಹೇಗೆ, ಅದರ ಲಾಭ ಹಂಚಿಕೆಯಾಗುವುದು ಹೇಗೆ.

ಸಾಲ ಮತ್ತು ಮೊದಲ ಸಂಬಳ

ಎಂಬಿಎಗೆಂದು ಸಾಲ ಮಾಡುವ ಮುನ್ನ ಕಾಗದದ ಮೇಲೆ ಲೆಕ್ಕ ಹಾಕಬೇಕು. 6 ಲಕ್ಷ ರೂಪಾಯಿಯನ್ನು ಶೇ 10ರ ಬಡ್ಡಿಯಲ್ಲಿ ಏಳು ವರ್ಷ ತೀರಿಸಿದರೆ ತಿಂಗಳ ಕಂತು ಸುಮಾರು 9,960 ರೂಪಾಯಿ. ಕಟ್ಟುವ ಒಟ್ಟು ಮೊತ್ತ 8.36 ಲಕ್ಷ ದಾಟುತ್ತದೆ. ಓದುವ ಅವಧಿಯಲ್ಲಿ ಏರುವ ಬಡ್ಡಿ ಇದಕ್ಕೆ ಸೇರಿಲ್ಲ. ಕೈಗೆ 25,000 ರೂಪಾಯಿ ಬರುವ ಕೆಲಸ ಸಿಕ್ಕಿತು ಎಂದಿಟ್ಟುಕೊಂಡರೆ, ಕಂತು ಕಳೆದು, ದಶಮಾಂಶವೆಂದು 2,500 ತೆಗೆದಿಟ್ಟರೆ ಉಳಿಯುವುದು 12,540. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು, ಮನೆಗೆ ಕಳಿಸುವುದು ಎಲ್ಲವೂ ಇದರಲ್ಲೇ ಆಗಬೇಕು. ಈ ಲೆಕ್ಕ ಕೂಡಿಬರದಿದ್ದರೆ ಮೊದಲು ಎರಡು ವರ್ಷ ದುಡಿದು, ಆಮೇಲೆ ಎಂಬಿಎ ಮಾಡುವುದು ಜಾಣತನ.

ನೆರವಿನ ದಾರಿಗಳೂ ಇವೆ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳುವಂತಿಲ್ಲ. ಕೇಂದ್ರದ ಖಾತರಿ ಯೋಜನೆಯಡಿ 7.5 ಲಕ್ಷದವರೆಗೂ ಅಡಮಾನವಿಲ್ಲದೆ ಸಾಲ ಸಿಗುವ ಅವಕಾಶವಿದೆ. ಅಲ್ಪಸಂಖ್ಯಾತರ ಪಟ್ಟಿಯಲ್ಲಿ ಕ್ರೈಸ್ತರೂ ಇರುವುದರಿಂದ, ರಾಜ್ಯ ಸರ್ಕಾರವು ವೃತ್ತಿಪರ ಕೋರ್ಸುಗಳಿಗೆ ಕೊಡುವ ‘ಅರಿವು’ ಸಾಲಕ್ಕೆ ಅರ್ಹರು ಅರ್ಜಿ ಹಾಕಬಹುದು.

ಕೈಗೆ ಬಂದ ದುಡ್ಡನ್ನು ಬೇಗ ದುಪ್ಪಟ್ಟು ಮಾಡುವ ಆಸೆ ಈ ವಯಸ್ಸಿನ ದೊಡ್ಡ ಗಂಡಾಂತರ. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರು ಎಂದು ಸೆಬಿ 2024ರಲ್ಲಿ ಹೊರಡಿಸಿದ, ಮೂರು ಹಣಕಾಸು ವರ್ಷಗಳ ಅಧ್ಯಯನ ತಿಳಿಸಿದೆ. ಚೈನ್ ಸ್ಕೀಮುಗಳು, ನೋಂದಣಿಯಿಲ್ಲದ ಠೇವಣಿಗಳು ನಂಬಿಕೆಯ ಬಲದ ಮೇಲೆಯೇ ಹರಡುತ್ತವೆ. ಒಂದೇ ಚರ್ಚಿನವರು, ಒಂದೇ ಪ್ರಾರ್ಥನಾ ಕೂಟದವರು ಹೇಳಿದರೆಂದು ಹಣ ಹೂಡುವವರು ಬಹಳ. ಲೆಕ್ಕಶಾಸ್ತ್ರ ಓದಿದ ವಿದ್ಯಾರ್ಥಿ ಇಂಥಲ್ಲಿ ನೋಂದಣಿ ಪತ್ರವನ್ನೂ ಬ್ಯಾಲೆನ್ಸ್ ಶೀಟನ್ನೂ ಕೇಳಬೇಕು, ಮನೆಯ ಹಿರಿಯರನ್ನೂ ಎಚ್ಚರಿಸಬೇಕು. ದಶಮಾಂಶ ಕೊಟ್ಟವರಿಗೆ ದೇವರು ಐಶ್ವರ್ಯವನ್ನೇ ಮರಳಿಸುತ್ತಾನೆ ಎಂಬ ಬೋಧನೆಯನ್ನೂ ಎಚ್ಚರದಿಂದಲೇ ಕೇಳಬೇಕು. ನೀತಿವಂತನೂ ಎಲ್ಲವನ್ನೂ ಕಳೆದುಕೊಳ್ಳಬಹುದೆಂದು ತೋರಿಸುವ ಯೋಬನ ಗ್ರಂಥವನ್ನು ಓದಿದವರು ಆ ಮಾತಿಗೆ ಮರುಳಾಗುವುದಿಲ್ಲ.

ಕರಾವಳಿಯ ಕ್ರೈಸ್ತರ ಮದುವೆಗಳಲ್ಲಿ ರೋಸ್ ಎಂಬ ಮದುವೆಗೆ ಮುಂಚಿನ ಶಾಸ್ತ್ರ, ಹಾಲ್, ಬ್ಯಾಂಡ್, ಊಟ ಎಂದು ಖರ್ಚು ಏರುತ್ತಲೇ ಇದೆ. ಆರು ವರ್ಷದ ಉಳಿತಾಯ ಒಂದು ಸಂಜೆಗೆ ಮುಗಿಯದಂತೆ ನೋಡಿಕೊಳ್ಳುವುದೂ ವೃತ್ತಿಯೋಜನೆಯ ಭಾಗವೇ.

ಒಂದು ಬಿಲ್ಲಿನ ತಾರೀಕು

ವ್ಯಾಪಾರದ ನೀತಿಪರೀಕ್ಷೆ ಲಂಚದ ದೊಡ್ಡ ಪ್ರಕರಣವಾಗಿ ಬರುವುದು ಅಪರೂಪ. ಅದು ಮಾರ್ಚ್ ಕೊನೆಯ ದಿನಗಳಲ್ಲಿ ಒಂದು ಬಿಲ್ಲಿನ ರೂಪದಲ್ಲಿ ಬರುತ್ತದೆ. ವರ್ಷದ ಮಾರಾಟದ ಗುರಿ ಮುಟ್ಟಿಲ್ಲ. ಸರಕು ಗೋದಾಮಿನಿಂದ ಹೊರಡುವುದು ಏಪ್ರಿಲ್ 3ಕ್ಕೆ, ಬಿಲ್ಲಿಗೆ ಮಾತ್ರ ಮಾರ್ಚ್ 31ರ ತಾರೀಕು ಹಾಕಲು ಹೇಳುತ್ತಾರೆ. ಹೊಸದಾಗಿ ಸೇರಿದ ಹುಡುಗಿಗೆ ಅದು ಬರೀ ಮೂರು ದಿನದ ವ್ಯತ್ಯಾಸವಾಗಿ ಕಾಣಬಹುದು. ಆದರೆ 50,000 ರೂಪಾಯಿ ಮೀರಿದ ಸರಕಿನ ಸಾಗಣೆಗೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು, ಅದರಲ್ಲಿ ತಾರೀಕು ಇರುತ್ತದೆ. ಡೆಲಿವರಿ ಚಲನ್‌ನಲ್ಲಿ ಇರುತ್ತದೆ, ಗೇಟಿನ ರಿಜಿಸ್ಟರಿನಲ್ಲೂ ಇರುತ್ತದೆ. ಪರಿಶೋಧಕರು ಕೇಳಿದಾಗ ಒಂದು ಸುಳ್ಳನ್ನು ಮುಚ್ಚಲು ಇನ್ನೂ ಮೂರು ಕಾಗದ ತಿದ್ದಬೇಕಾಗುತ್ತದೆ.

ಇಂಥದ್ದು ಬೆಳೆದರೆ ಏನಾಗುತ್ತದೆಂಬುದಕ್ಕೆ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಪ್ರಕರಣ ಸಾಕ್ಷಿ. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕಪತ್ರ ತಿರುಚಿದ್ದನ್ನು ಪತ್ರ ಬರೆದು ಒಪ್ಪಿಕೊಂಡರು. ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಮೊದಲು ಇದ್ದ ಸಣ್ಣ ಅಂತರವೇ ವರ್ಷದಿಂದ ವರ್ಷಕ್ಕೆ ಬೆಳೆಯಿತು ಎಂದು ಅವರೇ ವಿವರಿಸಿದ್ದರು. ಪುಸ್ತಕದಲ್ಲಿ ತೋರಿಸಿದ 5,000 ಕೋಟಿ ರೂಪಾಯಿಗೂ ಹೆಚ್ಚು ನಗದು ಇರಲೇ ಇಲ್ಲ. 2015ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿ ಎಂದು ತೀರ್ಮಾನಿಸಿತು.

ಇಲ್ಲ ಎನ್ನಲೂ ಒಂದು ರೀತಿಯಿದೆ. ಮೇಲಿನವರನ್ನು ಎಲ್ಲರೆದುರು ಜರೆಯದೆ, ಈ ತಾರೀಕು ಹಾಕಿದರೆ ಯಾವ ನಿಯಮ ಮುರಿಯುತ್ತದೆ, ಪರಿಶೋಧನೆಯಲ್ಲಿ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ತಿಳಿಸಿ, ಸರಿಯಾದ ದಾರಿಯನ್ನೂ ಸೂಚಿಸಬೇಕು. ಆದೇಶವನ್ನು ಇ-ಮೇಲ್‌ನಲ್ಲಿ ಕೇಳಿದರೆ ಒತ್ತಡ ಅನೇಕ ಸಲ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಕೆಲಸ ಬಿಡುವ ಧೈರ್ಯ ಬೇಕು. ಆರು ತಿಂಗಳ ಖರ್ಚಿನಷ್ಟು ಉಳಿತಾಯ ಇದ್ದವರಿಗೆ ಆ ಧೈರ್ಯ ಸುಲಭ. ಅದಕ್ಕಾಗಿಯೇ ಸಾಲದ ಲೆಕ್ಕವೂ ನೀತಿಯ ಲೆಕ್ಕವೂ ಒಂದಕ್ಕೊಂದು ಹೆಣೆದುಕೊಂಡಿವೆ.

ವಿಶ್ರಾಂತಿ, ಒಡನಾಟ, ಸೇವೆ

ಮಾಲ್, ಆಸ್ಪತ್ರೆ, ಕಾಲ್ ಸೆಂಟರ್ ಕೆಲಸಗಳಲ್ಲಿ ಭಾನುವಾರದ ರಜೆ ಖಾತ್ರಿಯಿಲ್ಲ. ಕೊಲ್ಲಿ ದೇಶಗಳಿಗೆ ಹೋದ ಮಂಗಳೂರಿನವರು ಈ ತೊಡಕನ್ನು ಹಿಂದೆಯೇ ಕಂಡಿದ್ದಾರೆ. ಅಲ್ಲಿ ಶುಕ್ರವಾರ ರಜೆ ಇರುತ್ತಿದ್ದುದರಿಂದ ಚರ್ಚುಗಳಲ್ಲಿ ಶುಕ್ರವಾರವೇ ಜನ ಸೇರುತ್ತಿದ್ದರು. ಯುಎಇ 2022ರಲ್ಲಷ್ಟೇ ಶನಿವಾರ, ಭಾನುವಾರಗಳನ್ನು ವಾರಾಂತ್ಯ ಮಾಡಿತು. ವಾರದಲ್ಲಿ ಒಂದು ದಿನ ಆರಾಧನೆಗೂ ವಿಶ್ರಾಂತಿಗೂ ಮೀಸಲಿಡುವುದು ಮುಖ್ಯ. ಸಂದರ್ಶನದಲ್ಲೇ ಪಾಳಿಯ ಬಗ್ಗೆ ಸ್ಪಷ್ಟವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ಭಾನುವಾರ ರಜೆ ಪಡೆಯುವವರು ಹಬ್ಬಗಳಲ್ಲಿ ಇತರ ಧರ್ಮದ ಸಹೋದ್ಯೋಗಿಗಳ ಪಾಳಿಯನ್ನು ತಾವಾಗಿಯೇ ವಹಿಸಿಕೊಂಡರೆ ಒಡನಾಟ ಗಟ್ಟಿಯಾಗುತ್ತದೆ.

ಒಂಟಿಯಾಗಿ ಇದನ್ನೆಲ್ಲ ನಿಭಾಯಿಸುವುದು ಕಷ್ಟ. ಐಕಫ್ (1924), ಯುಇಎಸ್‌ಐ (1954)ಯಂಥ ವಿದ್ಯಾರ್ಥಿ ಸಂಘಟನೆಗಳು ಇರುವುದು ಇದಕ್ಕಾಗಿಯೇ. ಬಡವರ ಸೇವೆಗೆ ಹೆಸರಾದ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಫ್ರೆಡ್ರಿಕ್ ಓಜಾನಾಂ ಆಗ 20 ವರ್ಷದ ವಿದ್ಯಾರ್ಥಿ. ಇಂಥ ಸಭೆಯ ಖಜಾಂಚಿ ಕೆಲಸ ವಹಿಸಿಕೊಳ್ಳುವ ಬಿ.ಕಾಂ. ವಿದ್ಯಾರ್ಥಿಗೆ ರಸೀದಿ, ವೋಚರ್, ವಾರ್ಷಿಕ ವರದಿ ಎಲ್ಲವೂ ಕೈಯಾರೆ ತಿಳಿಯುತ್ತವೆ. ಸಭೆಗೂ ಅಚ್ಚುಕಟ್ಟಾದ ಲೆಕ್ಕ ಸಿಗುತ್ತದೆ.

ಸ್ವಂತ ಉದ್ಯಮದ ಕನಸಿರುವವರಿಗೂ ಮಾದರಿಯಿದೆ. ಕೆಥೋಲಿಕರ ಫೊಕೊಲಾರೆ ಚಳವಳಿಯ ಕಿಯಾರಾ ಲುಬಿಕ್ 1991ರಲ್ಲಿ ಬ್ರೆಜಿಲ್‌ನಲ್ಲಿ ಆರಂಭಿಸಿದ ಸಹಭಾಗಿತ್ವದ ಆರ್ಥಿಕತೆಯಲ್ಲಿ ಉದ್ಯಮಿಗಳು ಲಾಭವನ್ನು ಮೂರಾಗಿ ಹಂಚುತ್ತಾರೆ: ಉದ್ಯಮದ ಬೆಳವಣಿಗೆಗೆ, ಬಡವರ ನೆರವಿಗೆ, ಹಂಚಿ ಬಾಳುವ ಸಂಸ್ಕೃತಿಯನ್ನು ಕಲಿಸುವುದಕ್ಕೆ.

ಪ್ರಾಮಾಣಿಕತೆಯಾಗಲಿ ಉಳಿತಾಯವಾಗಲಿ ಕೊಡುವ ಗುಣವಾಗಲಿ ಸಂಬಳ ಏರಿದ ಮೇಲೆ ತಾನಾಗಿ ಬರುವಂಥದ್ದಲ್ಲ. ಪಾಕೆಟ್ ಮನಿಯ ಲೆಕ್ಕ ಬರೆಯುವ ದಿನಗಳಲ್ಲೇ ಅದು ರೂಢಿಯಾಗಬೇಕು. ಚರ್ಚುಗಳೂ ಕ್ರೈಸ್ತ ಕಾಲೇಜುಗಳೂ ವರ್ಷಕ್ಕೊಮ್ಮೆಯಾದರೂ ತಮ್ಮದೇ ಊರಿನ ಲೆಕ್ಕ ಪರಿಶೋಧಕರು, ಬ್ಯಾಂಕ್ ನೌಕರರು, ಸಣ್ಣ ಉದ್ಯಮಿಗಳನ್ನು ವಿದ್ಯಾರ್ಥಿಗಳ ಮುಂದೆ ಕೂರಿಸಿ, ಅವರು ಎದುರಿಸಿದ ಒತ್ತಡಗಳನ್ನೂ ಅವನ್ನು ದಾಟಿದ ಬಗೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿಸಬೇಕು. ಪ್ಲೇಸ್‌ಮೆಂಟ್ ತರಬೇತಿಯಷ್ಟೇ ಅದೂ ಅಗತ್ಯ.