ಉಸಿರು ನಿಂತ ಸೆಕೆಂಡುಗಳ ಲೆಕ್ಕ

ಗೊರಕೆ ಹೊಡೆಯುವವರ ಪಕ್ಕದಲ್ಲಿ ಮಲಗಿ ಅಭ್ಯಾಸವಿರುವವರಿಗೆ ಆ ಮೌನ ಗೊತ್ತು. ಗರಗಸ ಎಳೆದಂತೆ ಬರುತ್ತಿದ್ದ ಸದ್ದು ತಟ್ಟನೆ ನಿಲ್ಲುತ್ತದೆ. ಎದೆ ಏರಿಳಿಯುತ್ತಿದೆ, ಗಂಟಲು ಮಾತ್ರ ಮುಚ್ಚಿಕೊಂಡಿದೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಎಬ್ಬಿಸಬೇಕೇ ಎಂದುಕೊಳ್ಳುವಷ್ಟರಲ್ಲಿ ಒಂದು ಏದುಸಿರು, ಮಗ್ಗುಲು ಬದಲು, ಮತ್ತೆ ಗೊರಕೆ. ಬೆಳಿಗ್ಗೆ ಅವರಿಗೆ ಇದೊಂದೂ ನೆನಪಿರುವುದಿಲ್ಲ. ಸ್ಲೀಪ್ ಆಪ್ನಿಯಾ ಅಂದರೆ ಇದೇ. ರಕ್ತದೊತ್ತಡಕ್ಕೂ ಹೃದಯಕ್ಕೂ ಇದರಿಂದ ತೊಂದರೆಯೆಂದು ವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಕ್ಯಾನ್ಸರಿನ ಮಾತು ಬಂದದ್ದು ಈಚೆಗೆ, ಅದೂ ಕ್ಯಾನ್ಸರನ್ನು ಹುಡುಕಿಕೊಂಡು ಹೊರಡದವರಿಂದ.

1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಟೆರಿ ಯಂಗ್ ಮತ್ತು ಸಂಗಡಿಗರು ಸರ್ಕಾರಿ ನೌಕರರನ್ನು ಕರೆದು ಪ್ರಯೋಗಾಲಯದಲ್ಲಿ ಒಂದು ರಾತ್ರಿ ಮಲಗಿಸಿದರು. ಇವರು ರೋಗಿಗಳಲ್ಲ, ಸಾಮಾನ್ಯ ಉದ್ಯೋಗಿಗಳು. ತಲೆಗೆ, ಎದೆಗೆ ತಂತಿ. ಉಸಿರಿನ, ರಕ್ತದ ಆಮ್ಲಜನಕದ ದಾಖಲೆ. 1993ರಲ್ಲಿ ಬಂದ ಫಲಿತಾಂಶ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು: ನಡುವಯಸ್ಸಿನ ಗಂಡಸರಲ್ಲಿ ಶೇ 24, ಹೆಂಗಸರಲ್ಲಿ ಶೇ 9 ಮಂದಿಗೆ ನಿದ್ದೆಯಲ್ಲಿ ಗಂಟೆಗೆ ಐದು ಬಾರಿಯಾದರೂ ಉಸಿರಿಗೆ ತಡೆ. ಅಪರೂಪ ಅಂದುಕೊಂಡಿದ್ದ ಕಾಯಿಲೆ ಅಕ್ಕಪಕ್ಕದ ಮನೆಗಳಲ್ಲೇ ಇತ್ತು. ಆ ತಂಡದ ದೊಡ್ಡ ಕೆಲಸ, ನನ್ನ ಪ್ರಕಾರ, ಇದಾದ ಮೇಲೂ ಆ ಜನರನ್ನು ಕೈಬಿಡದಿದ್ದದ್ದು. ವರ್ಷಗಟ್ಟಲೆ ಅವರ ಆರೋಗ್ಯವನ್ನು ಗಮನಿಸುತ್ತಲೇ ಹೋದರು.

ಅತ್ತ ಸ್ಪೇನಿನ ಬಾರ್ಸಿಲೋನಾದಲ್ಲಿ ರಾಮೋನ್ ಫಾರೆ ಅವರ ತಂಡ ಇಲಿಗಳ ಮೈಗೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳನ್ನು ಸೇರಿಸಿ, ಪಂಜರದ ಗಾಳಿಯನ್ನು ಆಪ್ನಿಯಾದ ರಾತ್ರಿಯಂತೆ ಏರಿಳಿಸಿತು. ಸ್ವಲ್ಪ ಹೊತ್ತು ಆಮ್ಲಜನಕ ಕಡಿಮೆ, ಆಮೇಲೆ ಮಾಮೂಲಿ ಗಾಳಿ, ಮತ್ತೆ ಕಡಿಮೆ. ಆ ಇಲಿಗಳ ಗೆಡ್ಡೆಗಳು ಉಳಿದವಕ್ಕಿಂತ ಬೇಗ ಬೆಳೆದವು.

ಇದರ ಹಿಂದಿರುವ ವಿವರಣೆ ಭಯ ಹುಟ್ಟಿಸುವಷ್ಟು ಸರಳ. ಆಮ್ಲಜನಕ ಸಾಲದಾದಾಗ ಜೀವಕೋಶ ಎಚ್ಐಎಫ್ ಎಂಬ ಪ್ರೋಟೀನನ್ನು ಉಳಿಸಿಕೊಳ್ಳುತ್ತದೆ. ಹೊಸ ರಕ್ತನಾಳ ಕಟ್ಟಿ ಎಂದು ಅದು ಸಂದೇಶ ಕಳಿಸುತ್ತದೆ. ಬೆಟ್ಟದ ಮೇಲೆ ಬದುಕುವವರಿಗೆ ನೆರವಾಗುವ ಈ ಏರ್ಪಾಡನ್ನೇ ಗೆಡ್ಡೆಯೂ ತನ್ನ ಹೊಟ್ಟೆ ತುಂಬಿಸಿಕೊಳ್ಳಲು ಬಳಸುತ್ತದೆ. ಜೀವಕೋಶ ಆಮ್ಲಜನಕವನ್ನು ಅಳೆಯುವ ಈ ಬಗೆಯನ್ನು ಬಿಡಿಸಿಟ್ಟ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು.

2012ರಲ್ಲಿ ಹಾವಿಯರ್ ನೀಟೊ ಮತ್ತು ಸಹೋದ್ಯೋಗಿಗಳು ವಿಸ್ಕಾನ್ಸಿನ್ನಿನ ಹಳೆಯ ಕಡತಗಳನ್ನು ಮತ್ತೆ ಬಿಚ್ಚಿದರು. 1,522 ಜನ, 22 ವರ್ಷಗಳ ಲೆಕ್ಕ. ತೀವ್ರ ಆಪ್ನಿಯಾ ಇದ್ದವರು ಕ್ಯಾನ್ಸರಿನಿಂದ ಸಾಯುವ ಸಂಭವ, ಆಪ್ನಿಯಾ ಇಲ್ಲದವರಿಗಿಂತ 4.8 ಪಟ್ಟು ಹೆಚ್ಚು ಎಂದು ಕಂಡಿತು. ಪತ್ರಿಕೆಗಳು ಈ ಅಂಕಿಯನ್ನೇ ಹಿಡಿದವು. ಆದರೆ ಇಡೀ ಗುಂಪಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡವರು 50 ಮಂದಿ. ತೀವ್ರ ಆಪ್ನಿಯಾದವರು ಅದರಲ್ಲೊಂದು ಸಣ್ಣ ಪಾಲು. ಇಷ್ಟು ಚಿಕ್ಕ ಲೆಕ್ಕದಲ್ಲಿ ಒಂದೆರಡು ಸಾವು ಹೆಚ್ಚುಕಡಿಮೆಯಾದರೂ ಅಂಕಿ ಅಲ್ಲಾಡುತ್ತದೆ.

ಅಲ್ಲಾಡಿತು ಕೂಡ. 2014ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದವರಿಗೆ, ವಯಸ್ಸು, ಬೊಜ್ಜು, ಧೂಮಪಾನ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದಾಗ, ಉಸಿರು ನಿಲ್ಲುವ ಸಂಖ್ಯೆಗೂ ಒಟ್ಟಾರೆ ಕ್ಯಾನ್ಸರಿಗೂ ನಂಟು ಸಿಗಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 4,910 ರೋಗಿಗಳ ಸ್ಪೇನ್ ಅಧ್ಯಯನ ಬೇರೊಂದು ಅಳತೆ ಹಿಡಿದಿತ್ತು: ರಾತ್ರಿಯ ಎಷ್ಟು ಹೊತ್ತು ರಕ್ತದ ಆಮ್ಲಜನಕ ಶೇ 90ಕ್ಕಿಂತ ಕೆಳಗಿತ್ತು? ಆ ಹೊತ್ತು ಹೆಚ್ಚಿದಂತೆ ಕ್ಯಾನ್ಸರ್ ಪ್ರಮಾಣವೂ ಹೆಚ್ಚಿತ್ತು, ಮುಖ್ಯವಾಗಿ ಗಂಡಸರಲ್ಲಿ ಮತ್ತು 65 ವರ್ಷದೊಳಗಿನವರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಅನುಮಾನ ಹೋಗುವುದು ಗೊರಕೆಯ ಕಡೆಗಲ್ಲ, ಉಸಿರು ಎಷ್ಟು ಸಲ ನಿಂತಿತು ಎಂಬುದರ ಕಡೆಗೂ ಅಲ್ಲ. ಆಮ್ಲಜನಕ ಎಷ್ಟು ಆಳಕ್ಕೆ ಇಳಿಯಿತು, ಎಷ್ಟು ಹೊತ್ತು ಅಲ್ಲೇ ಉಳಿಯಿತು ಎಂಬುದರ ಕಡೆಗೆ. ಹಾಗೆಂದು ಇದು ಸಾಬೀತಾದ ಮಾತಲ್ಲ.

ಸಾಬೀತು ಮಾಡುವುದೂ ಸುಲಭವಲ್ಲ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮೂಗಿನ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ತಡೆಯುವ ಸಿ-ಪ್ಯಾಪ್ ಯಂತ್ರವನ್ನು ಜಗತ್ತಿಗೆ ತೋರಿಸಿದರು. ಅದರಿಂದ ಕ್ಯಾನ್ಸರ್ ತಗ್ಗುತ್ತದೆಯೇ ಎಂದು ತಿಳಿಯಲು ಅರ್ಧದಷ್ಟು ರೋಗಿಗಳಿಗೆ ಆ ಯಂತ್ರ ಕೊಡದೆ ಹತ್ತಿಪ್ಪತ್ತು ವರ್ಷ ಕಾಯಬೇಕು. ಹಗಲು ತೂಕಡಿಸುತ್ತ ಕಾರು ಓಡಿಸುವ, ಬಿ.ಪಿ. ಏರಿರುವ ಮನುಷ್ಯನಿಗೆ ಹಾಗೆ ಮಾಡಲು ಯಾವ ವೈದ್ಯರಿಗೆ ಮನಸ್ಸು ಬರುತ್ತದೆ? ಹಾಗಾಗಿ ಕೆಲಸ ಮತ್ತೆ ಬಂದು ನಿಂತಿರುವುದು ವಿಸ್ಕಾನ್ಸಿನ್ನಿನ ಹಳೆಯ ದಾರಿಯಲ್ಲೇ: ಬೆರಳಿಗೊಂದು ಕ್ಲಿಪ್ಪು ಸಿಕ್ಕಿಸಿ, ಒಂದು ರಾತ್ರಿ ಮಲಗಿಸಿ, ಆಮೇಲೆ ವರ್ಷಗಟ್ಟಲೆ ಕಾಯುವುದು.